ಮುನ್ನೂರ ಹನ್ನೆರಡು ಸಹಿಯ ಶಾವಿಗೆ

ಗುಬ್ಬಿಯ ಎಣ್ಣೆ ಮಿಲ್ಲಿನ ಧಣಿ ತನ್ನ ಕೆಲಸಗಾರ ಖುರ್ಷಿದ್ ಪಾಷಾನಿಗೆ ಐದು ತಿಂಗಳ ಸಂಬಳ ಕೊಡಬೇಕು. ಎಂಬತ್ತೆರಡರಲ್ಲಿ ಕೊಡಲಿಲ್ಲ, ಎಂಬತ್ಮೂರು ಬಂದರೂ ಕೊಟ್ಟಿಲ್ಲ. ಮಿಲ್ಲಿಗೆ ಬೀಗ ಬಿದ್ದ ಮೇಲೆ ತುಮಕೂರಿನ ಗುಬ್ಬಿ ಗೇಟ್ ಹಿಂದಿನ ಗಲ್ಲಿಯ ಆ ಮನೆಯಲ್ಲಿ ಒಲೆ ಉರಿದದ್ದು ಹೆಂಡತಿ ಅಖ್ತರ್ ಬಾನು ಹೊಸೆದ ಶಾವಿಗೆಯಿಂದ. ಹೊಸೆದು ಹೊಸೆದು ಅವಳ ಮಣಿಕಟ್ಟು ಬದನೆಕಾಯಿಯಂತೆ ಊದಿತ್ತು. ರಂಜಾನಿಗೆ ಎರಡು ತಿಂಗಳು. ಅಷ್ಟರೊಳಗೆ ಶಾವಿಗೆ ಮಿಷನ್ ಬರದಿದ್ದರೆ ವರ್ಷದ ವ್ಯಾಪಾರವೆಲ್ಲ ಮಣ್ಣು.

ಬ್ಯಾಂಕಿನವರು ಸಾಲ ಕೊಡುತ್ತೇವೆ ಅಂದರು. ಆದರೆ ಏನು ಮಾಡುತ್ತೀರಿ, ಎಷ್ಟು ಖರ್ಚು, ಯಾರು ಕೊಳ್ಳುತ್ತಾರೆ, ಎಲ್ಲ ಇರುವ ಯೋಜನೆ ಬರೆದು ತರಬೇಕಂತೆ.

"ಅದೇನ್ ಮಹಾ," ಅಂದ ಖುರ್ಷಿದ್. "ಹದಿನಾಲ್ಕು ವರ್ಷ ಮನವಿ ಪತ್ರ ಬರ್ದಿರೋ ಕೈ ಇದು. ನನ್ನ ಅಕ್ಷರ ನೋಡಿದ್ರೆ ಡೀಸಿ ಆಫೀಸ್ ಗುಮಾಸ್ತರು ಎದ್ದು ನಿಲ್ತಾರೆ."

"ಎದ್ದು ಊಟಕ್ಕೆ ಹೋಗ್ತಾರೆ."

ಆ ಮನೆಯಲ್ಲಿ ಮಾತು ಉರ್ದುವಿನಲ್ಲಿ, ಜಗಳ ಕನ್ನಡದಲ್ಲಿ. ತೀರ್ಪು ಹೇಳುವ ಗಲ್ಲಿಗೆ ಅರ್ಥವಾಗಬೇಕಲ್ಲ.

"ಕೊಳ್ಳೋದು ಹದಿನೆಂಟು ಮನೆ ಅಂತ ಬರೀರಿ," ಅಂದಳು ಅಖ್ತರ್. "ಇರೋದೇ ಅಷ್ಟು."

"ಹದಿನೆಂಟು ಜನಕ್ಕೆ ಯಾವ ಅಧಿಕಾರಿ ಬಗ್ಗಿದಾನೆ ಹೇಳು? ಜನಬೆಂಬಲ ತೋರಿಸ್ಬೇಕು ಕಣೇ."

"ರೀ, ನಾನು ಶಾವಿಗೆ ಮಾರ್ತಿದೀನಿ. ಎಲೆಕ್ಷನ್‌ಗೆ ನಿಂತಿಲ್ಲ."

ಖುರ್ಷಿದ್ ಹಾಳೆ ಹಿಡಿದು ಹೊರಟೇಬಿಟ್ಟ. ಎರಡು ದಿನದಲ್ಲಿ ಮುನ್ನೂರ ಹನ್ನೆರಡು ಸಹಿ. ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಅವನು ಹಾಳೆ ತಂದ ಅಂದರೆ ನಲ್ಲಿ ನೀರಿನ ಅರ್ಜಿ. ಏಳು ವರ್ಷದಿಂದ ಗಲ್ಲಿಗೆ ಅದೇ ರೂಢಿ. ಅವನೂ ಹೇಳಲಿಲ್ಲ. ವಿವರಣೆ ಕೊಡುತ್ತ ನಿಂತರೆ ಸಹಿ ಬೀಳುವುದಿಲ್ಲ ಅನ್ನುವುದು ಅವನ ಅನುಭವ. ಸೊಪ್ಪು ಮಾರುವ ತಿಪ್ಪಮ್ಮ ಮಾತ್ರ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಅವನ ಮನೆ ಗೋಡೆಗೇ ಒರೆಸಿ, "ಸವೆದೋಯ್ತು ಸಾಬ್ರೆ ಬೆರಳು," ಅಂದಳು.

ಯೋಜನೆ ತಯಾರಾಗಿ ಬ್ಯಾಂಕಿಗೆ ಹೋಯಿತು. ಶುರುವಿನಲ್ಲಿ "ಶಾವಿಗೆ ಮಿಷನ್‌ಗಾಗಿ ಒತ್ತಾಯ." ಕೊನೆಯಲ್ಲಿ "ಏಳು ದಿನದೊಳಗೆ ಮಂಜೂರು ಮಾಡದಿದ್ದಲ್ಲಿ ಮುಂದಿನ ಪರಿಣಾಮಗಳಿಗೆ ತಾವೇ ಹೊಣೆ." ನಡುವೆ ಎರಡು ಸಾಲು ಖರ್ಚು, ಉಳಿದದ್ದೆಲ್ಲ ಸಹಿ.

ಆರನೇ ದಿನ ಬ್ಯಾಂಕಿನ ಅಣ್ಣಯ್ಯಪ್ಪ ತನಿಖೆಗೆ ಬಂದರು. ಪಾಪದ ಮನುಷ್ಯ. ನೇರ ಮನೆಗೆ ಬರುವುದು ಬಿಟ್ಟು, ಒಣಗಿದ ನಲ್ಲಿಯ ಮುಂದೆ ಖಾಲಿ ಬಿಂದಿಗೆ ಇಟ್ಟು ಕೂತಿದ್ದ ತಿಪ್ಪಮ್ಮನ ಹತ್ತಿರ ಪಟ್ಟಿ ಬಿಚ್ಚಿದರು.

"ಈ ಹೆಬ್ಬೆಟ್ಟು ನಿಮ್ದೇನಮ್ಮ?"

"ನಂದೇ. ಯಾವತ್ತು ಬುಡ್ತೀರಾ?"

"ಏನನ್ನ?"

"ಕೇಳ್ರಪ್ಪೋ, ಏಳು ವರ್ಷಕ್ಕೆ ಬಂದವ್ನೆ, ಏನನ್ನ ಅಂತವ್ನೆ."

"ಅಮ್ಮ, ನಾನು ಶಾವಿಗೆ ವಿಚಾರಕ್ಕೆ ಬಂದಿದೀನಿ."

"ಶಾವಿಗೆ ಬೇಯ್ಸಕ್ಕೂ ನೀರ್ ಬೇಕಲ್ಲಪ್ಪ."

ಹತ್ತು ನಿಮಿಷಕ್ಕೆ ನಲವತ್ತು ಖಾಲಿ ಬಿಂದಿಗೆ ಅಣ್ಣಯ್ಯಪ್ಪನವರನ್ನು ಸುತ್ತುಗಟ್ಟಿದವು. ಅವರನ್ನು ನಲ್ಲಿಕಟ್ಟೆ ಮೇಲೆ ಕೂರಿಸಿದರು. ಟೀ ಕುಡಿದು ಬರುತ್ತಿದ್ದ ಖುರ್ಷಿದ್‌ಗೆ ದೂರದಿಂದಲೇ ಘೋಷಣೆ ಕೇಳಿಸಿತು. ಆಮೇಲೆ ಅವನ ಕಾಲು ಅವನ ಮಾತು ಕೇಳುತ್ತದೆಯೇ? ಹಿಂದಿನಿಂದಲೇ ತೋಳೆತ್ತಿದ. "ಅಧಿಕಾರಿಗೆ ಧಿಕ್ಕಾರ! ಉತ್ತರ ಹೇಳೋವರ್ಗೂ ಏಳೋಕೆ ಬಿಡಬೇಡ್ರಿ!" ಹೆಗಲು ಕೊಟ್ಟು ನುಗ್ಗಿ ಮುಂದೆ ಬಂದು ನೋಡಿದರೆ, ಕಟ್ಟೆ ಮೇಲಿನ ಮನುಷ್ಯನ ತೊಡೆಯ ಮೇಲೆ ಅವನದೇ ಅಕ್ಷರ. ಎರಡನೇ ಧಿಕ್ಕಾರವನ್ನು ಅಲ್ಲೇ ನುಂಗಿದ.

"ಖುರ್ಷಿದ್ ಪಾಷಾ ಅಂದ್ರೆ ನೀವೇನಾ?"

"ಹೌದು ಸಾರ್."

"ಏಳು ದಿನ ಟೈಮ್ ಕೊಟ್ಟಿದ್ರಲ್ರೀ. ಇವತ್ತಿನ್ನೂ ಆರು."

ಅಖ್ತರ್ ಹಿಟ್ಟಿನ ಕೈಯಲ್ಲೇ ಬಿಂದಿಗೆಗಳನ್ನು ಸರಿಸಿಕೊಂಡು ಬಂದಳು.

"ಬರ್ಕೊಳಿ ಸಾರ್. ಗಿರಾಕಿ ಹದಿನೆಂಟು ಮನೆ. ಊರ್ಡಿಗೆರೆ ವನಜಮ್ಮೋರಿಗೆ ದಪ್ಪ ಎಳೆ, ಮೂರು ಕೆಜಿ. ನಮ್ಮ ಮೆಹರ್ ಬಾನುಗೆ ಸಣ್ಣ ಎಳೆ, ತುಪ್ಪದಲ್ಲಿ ಹುರ್ದಿದ್ದು..." ಹದಿನೆಂಟನ್ನೂ ತಡವರಿಸದೆ ಹೇಳಿದಳು. ಅಣ್ಣಯ್ಯಪ್ಪ ಖುರ್ಷಿದ್‌ನ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಬರೆದುಕೊಂಡರು.

"ಇದಮ್ಮ ಯೋಜನೆ," ಅಂದರು. "ಆ ಕಡೇದು ಬೆದರಿಕೆ."

ಆದರೆ ಹಾಳೆಯ ಹಿಂಬದಿ ಓದುವ ಪದ್ಧತಿ ಮ್ಯಾನೇಜರಿಗೆ ಇರಲಿಲ್ಲ. ಮುಂಬದಿ ಓದಿ ಬೆವರಿ, ಸಹಿಗಳನ್ನೆಲ್ಲ ಗಿರಾಕಿ ಅಂತಲೇ ಲೆಕ್ಕ ಹಾಕಿ, ಏಳನೇ ದಿನವೇ ಮಂಜೂರು ಮಾಡಿದರು. ಬಂದದ್ದು ಮುನ್ನೂರ ಹನ್ನೆರಡು ಮನೆಗೆ ಆಗುವ ಮಿಷನ್. ಬಾಗಿಲ ಚೌಕಟ್ಟು ಕಿತ್ತು ಒಳಗೆ ತಂದರು. ಸಾಲವೂ ಅದೇ ಗಾತ್ರದ್ದು. ಹಿಡಿಕೆ ತಿರುಗಿಸುವುದು ಯಾರು? ಯೋಜನೆ ಬರೆದವನು.

"ಎಂಟು ಗಂಟೆ ಆಯ್ತು ಕಣೇ," ಅಂದ ಮೊದಲ ದಿನ, ಬನಿಯನ್ ಹಿಂಡುತ್ತ. "ಕಾನೂನು ಪ್ರಕಾರ ಕೆಲಸ ನಿಲ್ಲಿಸ್ಬೇಕು."

"ನಿಲ್ಲಿಸ್ರಿ. ನಿಮ್ಮ ಜನಬೆಂಬಲಾನ ಕರೀರಿ, ಅದು ತಿರುಗಿಸ್ಲಿ."

ಖುರ್ಷಿದ್ ಮತ್ತೆ ಹಿಡಿಕೆ ಹಿಡಿದ.

ಈಗ ಆ ಮನೆಯಲ್ಲಿ ಮಲಗಲು ಜಾಗವಿಲ್ಲ, ಎಲ್ಲ ಶಾವಿಗೆ. ಸಹಿ ಹಾಕಿದವರು ಶಾವಿಗೆ ಕೊಳ್ಳಬೇಕಾದೀತು ಅಂತ ಬೇರೆ ಗಲ್ಲಿ ಬಳಸಿಕೊಂಡು ಓಡಾಡುತ್ತಿದ್ದಾರೆ. ಇದನ್ನು ಓದಿ ನಗುತ್ತಿರುವ ನೀವೂ ಯಾವುದೋ ಹಾಳೆಗೆ ಓದದೆ ಸಹಿ ಹಾಕಿದವರೇ, ನನ್ನ ಮುಂದೆ ಸುಳ್ಳು ಹೇಳಬೇಡಿ. ನಗು ಮುಗಿಸಿ, ಚೀಲ ಹಿಡಿದು ಬನ್ನಿ. ಕಿಲೋ ಆರು ರೂಪಾಯಿ. ಎರಡು ಕಿಲೋಗೆ ಕಮ್ಮಿ ತಗೊಳ್ಳುವವರು ಬರುವುದೇ ಬೇಡ.