ಕಪಿತಾನರ ಹಲ್ಲಾಗಿದ್ದ ಬೋಲ್ಟಿಗೆ

ಶ್ರೀ ಹನ್ನೆರಡು ಮಿಲಿಮೀಟರ್ ಬೋಲ್ಟ್ ಅವರಿಗೆ,
(ಸದ್ಯ ಕಾಗದ ಹಾರದಂತೆ ಒತ್ತಿಹಿಡಿಯುವ ಹುದ್ದೆಯಲ್ಲಿ)
ಬರಂಗಾಯ್ (ಗ್ರಾಮ ಪಂಚಾಯಿತಿ) ಕಚೇರಿಯ ಮೇಜು, ಇಲೊಯ್ಲೊ ಪ್ರಾಂತ್ಯ.

ಮಾನ್ಯರೇ,

ತಮಗೂ ತಮ್ಮ ಮೂವರು ಸಹೋದರರಿಗೂ ವಿನಮ್ರ ವಂದನೆಗಳು. ಕಳೆದ ಮೇ ಹದಿನೈದರಂದು, ಸಾನ್ ಇಸಿದ್ರೊ ಸಂತನ ಫಿಯೆಸ್ತಾ ಹಬ್ಬದ ಬಾಸ್ಕೆಟ್‌ಬಾಲ್ ಫೈನಲ್ ನಡೆಯುತ್ತಿರುವಾಗ, ತಾವು ನಾಲ್ವರೂ ರಿಂಗಿನ ಸಮೇತ ನೆಲಕ್ಕಿಳಿದಿರಿ. ಅದಕ್ಕೆ ಶಿಕ್ಷೆಯಾಗಿ, ಬೆಳಿಗ್ಗೆ ಮನೆಮನೆಗೆ ಬ್ರೆಡ್ ಮಾರುವ ಜುನ್‌ರೇ ಪಲೊಮಾರ್‌ನನ್ನು ಬದುಕಿರುವವರೆಗೂ ಆಡಬಾರದೆಂದು ತಂಡದಿಂದ ಹೊರಹಾಕಲಾಯಿತು. ಈ ಅನ್ಯಾಯವನ್ನು ಬಹಿರಂಗವಾಗಿ ತಮ್ಮ ಗಮನಕ್ಕೆ ತರುತ್ತಿದ್ದೇನೆ.

ತಮ್ಮ ಯೋಗ್ಯತೆಯ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ತಮ್ಮ ತಲೆಯ ಮೇಲೆ 8.8 ಎಂದು ಅಚ್ಚೊತ್ತಿದೆ. ಮೊದಲ ಎಂಟು, ಎಷ್ಟು ಎಳೆತಕ್ಕೆ ತಾವು ಮುರಿಯುವಿರೆಂಬುದನ್ನೂ, ಚುಕ್ಕಿಯ ನಂತರದ ಎಂಟು, ಅದರ ಹತ್ತರಲ್ಲಿ ಎಂಟು ಪಾಲು ದಾಟಿದರೆ ತಾವು ಹಿಗ್ಗಿ ಮತ್ತೆ ಮೊದಲಿನಂತಾಗಲಾರಿರೆಂಬುದನ್ನೂ ಹೇಳುತ್ತವೆ. ಎಲ್ಲಿ ಬಾಗುತ್ತೇನೆ, ಎಲ್ಲಿ ಮುರಿಯುತ್ತೇನೆ ಎಂದು ಹಣೆಯ ಮೇಲೇ ಬರೆದುಕೊಂಡು ಸೇವೆಗೆ ನಿಲ್ಲುವವರನ್ನು ಈ ಊರಿನ ಸಾರ್ವಜನಿಕ ಜೀವನದಲ್ಲಿ ನಾನು ಬೇರೆ ಕಂಡಿಲ್ಲ.

ಆದರೆ ಆ ಬರಹ ಯಾರಿಗೂ ಕಾಣುತ್ತಿರಲಿಲ್ಲ. ನಮ್ಮಲ್ಲಿ ಕಟ್ಟಿದ್ದಕ್ಕೆಲ್ಲ ಕಟ್ಟಿಸಿದವರ ಮುಖ ಬರೆಯಿಸಬೇಕಲ್ಲ. ಬರಂಗಾಯ್ ಮುಖ್ಯಸ್ಥರಾದ ಕಪಿತಾನ್ ಟೆಲೆಸ್ಫೊರೊ ಮಗ್ಬನ್ವಾ ಅವರ ನಗುಮುಖ ರಿಂಗಿನ ಹಿಂದಿನ ಹಲಗೆಯ ತುಂಬ ಅರಳಿತು, ರಿಂಗಿನ ಪಟ್ಟಿ ಕೆಂಪು ತುಟಿಯಾಯಿತು, ರಿಂಗನ್ನು ಹಲಗೆಗೆ ಬಿಗಿದಿದ್ದ, ಬಿಳಿ ಬಣ್ಣ ಬಳಿಸಿಕೊಂಡ ತಾವು ನಾಲ್ವರು ಅವರ ಹಲ್ಲುಗಳಾದಿರಿ. ಇಡೀ ಊರು ಆ ಹಲ್ಲುಗಳನ್ನು ಹೊಗಳುತ್ತಿರುವಾಗ ಹಲಗೆಯ ಹಿಂದೆ ಏನಿದೆ ಎಂದು ನೋಡುವ ಪುರುಸೊತ್ತು ಯಾರಿಗಿತ್ತು?

ಹಿಂದೆ ಇದ್ದದ್ದು ಅರ್ಧ ಇಂಚಿನ ನಟ್ಟುಗಳು. ಅಂಗಡಿಯಲ್ಲಿ ಮಿಲಿಮೀಟರಿನವು ಮುಗಿದಿದ್ದವು. ಹಡಗಿನ ಇಂಜಿನ್ ಕೋಣೆಯಲ್ಲಿ ದುಡಿದ ನನ್ನ ಗಂಡ ರಜೆಗೆ ಬಂದಾಗಲೆಲ್ಲ ಇಂಚಿನ ಡಬ್ಬಿಯನ್ನೂ ಮಿಲಿಮೀಟರಿನ ಡಬ್ಬಿಯನ್ನೂ ಜಗಳವಾಡಿದ ನಾದಿನಿಯರಂತೆ ಬೇರೆ ಬೇರೆ ಕೋಣೆಯಲ್ಲಿ ಇಡುತ್ತಿದ್ದರು. ಹಾಗಾಗಿ ರಿಂಗ್ ಕೂರಿಸಿದ ದಿನವೇ ನಾನು ಆಕ್ಷೇಪಿಸಿದೆ. ಪಂಚಾಯಿತಿ ಸದಸ್ಯ ಬೆಬೊತ್ ನನ್ನನ್ನು ನೋಡಿ ನಕ್ಕುಬಿಟ್ಟ. "ಅರ್ಧ ಇಂಚು, ಹನ್ನೆರಡು ಮಿಲಿಮೀಟರ್ ಎಲ್ಲಾ ಒಂದೇ, ಪೂರಿಂಗ್ ಅಜ್ಜಿ! ನೋಡಿ, ಬೆರಳಲ್ಲೇ ಎಷ್ಟು ಸಲೀಸಾಗಿ ತಿರುಗುತ್ತೆ!"

ಸಲೀಸಾಗಿ ತಿರುಗದೆ ಏನು? ಅರ್ಧ ಇಂಚೆಂದರೆ ಹನ್ನೆರಡೂ ಮುಕ್ಕಾಲು ಮಿಲಿಮೀಟರಿನ ಹತ್ತಿರ. ಥ್ರೆಡ್ಡುಗಳ ಅಂತರವೂ ಬೇರೆ. ತಾವು ಆ ನಟ್ಟಿನೊಳಗೆ ಅಣ್ಣನ ಅಂಗಿ ತೊಟ್ಟವರಂತೆ ತುದಿಯಲ್ಲಷ್ಟೇ ತಗುಲಿಕೊಂಡಿದ್ದಿರಿ. ಸ್ಪ್ಯಾನರ್ ಹಾಕಿ ಬಿಗಿದಾಗ ನಟ್ಟಿನೊಳಗೆ ಇದ್ದ ಅಂಚೂ ಸವೆಯಿತು.

ಐವತ್ತು ಕಿಲೋ ತೂಗುವ ಜುನ್‌ರೇ ತನ್ನ ಮೂವತ್ತೊಂದು ವರ್ಷಗಳಲ್ಲಿ ಮೊದಲ ಬಾರಿಗೆ ಅಷ್ಟು ಎತ್ತರ ಜಿಗಿದು ರಿಂಗ್ ಹಿಡಿದ. ಅವನ ತಾಯಿ ಚಪ್ಪಾಳೆಗೆಂದು ಎತ್ತಿದ ಕೈಗಳಿಂದ ಬಾಯಿ ಮುಚ್ಚಿಕೊಂಡಳು. ಅವನು ನೆಲದಲ್ಲಿ ಕುಳಿತೇ, "ಹಿಡಿದಿದ್ದು ನಾನೇ ಅಜ್ಜಿ, ಆದ್ರೆ ಬಿಟ್ಟಿದ್ದು ಅದು!" ಎಂದ. ಕಪಿತಾನರು ಬಣ್ಣ ಕೆರೆದು ತಮ್ಮ ತಲೆಯ ಮೇಲಿನ ಅಚ್ಚನ್ನು ಎಲ್ಲರಿಗೂ ತೋರಿಸಿದರು. "ನೋಡ್ರಪ್ಪಾ, ಎಂಟು ಪಾಯಿಂಟ್ ಎಂಟು! ಭೂಕಂಪಾನೇ ಅಷ್ಟಾದ್ರೂ ಜಗ್ಗಲ್ಲ ಇದು. ಈ ಪುಣ್ಯಾತ್ಮ ಕೋತಿ ಹಾಗೆ ಜೋತುಬಿದ್ದಿದ್ದಕ್ಕೇ ಬಿತ್ತು!"

ಅವರ ತಂದೆ ಕಪಿತಾನರಾಗಿದ್ದಾಗ ಧ್ವಜಸ್ತಂಭ ವಾಲಿದ್ದು ಗಾಳಿಯ ತಪ್ಪೆಂದೂ, ಚಿಕ್ಕಪ್ಪನ ಕಾಲದಲ್ಲಿ ಬಸ್ ತಂಗುದಾಣದ ಮಾಡು ಜಾರಿದ್ದು ಒಂದು ಮೇಕೆಯ ತಪ್ಪೆಂದೂ ತೀರ್ಪಾದದ್ದು ನನಗೆ ನೆನಪಿದೆ. ಮೇಕೆಯ ಪರವಾಗಿ ಅಂದು ಯಾರೂ ಬರೆಯಲಿಲ್ಲ.

ಆದ್ದರಿಂದ ಮಾನ್ಯರೇ, ತಾವು ಮುರಿದಿಲ್ಲ, ಬಾಗಿಲ್ಲ, ತಮ್ಮ ಥ್ರೆಡ್ಡುಗಳು ಇಂದಿಗೂ ಫಳಫಳ ಹೊಳೆಯುತ್ತಿವೆ ಎಂಬುದನ್ನು ದಯವಿಟ್ಟು ಬಾಯಿಬಿಟ್ಟು ಹೇಳಬೇಕಾಗಿ ಕೋರುತ್ತೇನೆ. ಮಾತನಾಡುವ ಅಭ್ಯಾಸವಿಲ್ಲದಿದ್ದರೆ ಮೇಜಿನಿಂದ ಉರುಳಿ ಯಾರದಾದರೂ ಕಾಲಿನ ಮೇಲೆ ಬಿದ್ದರೂ ಆದೀತು. ಯಾರ ಕಾಲೆಂಬುದು ತಮ್ಮ ವಿವೇಚನೆಗೆ ಬಿಟ್ಟದ್ದು.

ತಮ್ಮ ಬಲದಲ್ಲಿ ಇನ್ನೂ ನಂಬಿಕೆ ಕಳೆದುಕೊಳ್ಳದ,
ತಮ್ಮ ವಿಶ್ವಾಸಿ,
ಪುರಿಫಿಕಾಸಿಯೊನ್ (ಪೂರಿಂಗ್) ಗುಂಬಾನ್

ವಿ.ಸೂ.: ತಾವು ಉತ್ತರಿಸದಿದ್ದರೆ ಕಪಿತಾನರೇ ಉತ್ತರಿಸಲಿ. ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿದ ಮೇಲೆ, ಎಲ್ಲರೆದುರು, ಅವೇ ಬೋಲ್ಟುಗಳನ್ನು ಅವೇ ನಟ್ಟುಗಳಿಗೆ ಬಿಗಿದು, ತೊಂಬತ್ತೆಂಟು ಕಿಲೋ ತೂಗುವ ಅವರೇ ಒಮ್ಮೆ ಜೋತುಬಿದ್ದು ತೋರಿಸಲಿ. ಇಲ್ಲವೇ ಏಕೆ ಜೋತುಬೀಳುವುದಿಲ್ಲ ಎಂದು ಜುನ್‌ರೇಯ ಮುಖ ನೋಡಿ, ಧ್ವನಿವರ್ಧಕದಲ್ಲಿ ಹೇಳಲಿ.