ಮೂರು ‘ಬೇಡ’ಗಳ ನಡುವೆ ಹಾರಿಹೋದ ವಿಮಾನ

ನಮ್ಮ ಕೊಪ್ಪದ ಕಡೆ ಊಟಕ್ಕೆ ಕೂತವರು ಹೇಳುವ ಮೊದಲನೆಯ ‘ಬೇಡ’ವನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದು ಬರೀ ಮರ್ಯಾದೆ. ಎರಡನೆಯದು ಬಡಿಸುವವರ ಮನಸ್ಸು ಎಷ್ಟು ದೊಡ್ಡದೆಂದು ನೋಡುವುದಕ್ಕೆ. ಮೂರನೆಯ ಸಲವೂ ಬೇಡವೆಂದರೆ ಸ್ವಲ್ಪ ಕಡಿಮೆ ಹಾಕಬೇಕು, ಅಷ್ಟೆ. ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿದ್ದು ಬೇರೆ. ಅಲ್ಲಿ ಒಮ್ಮೆ ‘ನೋ, ಥ್ಯಾಂಕ್ಯೂ’ ಎಂದರೆ ಮುಗಿಯಿತು, ಪಾತ್ರೆ ಮುಂದಕ್ಕೆ ಹೋಗಬೇಕು. ಮದುವೆಯಾದ ಹೊಸದರಲ್ಲಿ ಅತ್ತೆಯ ತಂಗಿ ಮೊದಲ ‘ಬೇಡ’ ಹೇಳಿದ ಕೂಡಲೇ ನಾನು ಸಾರಿನ ಪಾತ್ರೆ ಎತ್ತಿಕೊಂಡು ಮುಂದೆ ಹೋಗಿಬಿಟ್ಟಿದ್ದೆ. ಅವರು ಬರೀ ಅನ್ನ ಉಂಡೆದ್ದ ಸುದ್ದಿ ಶೃಂಗೇರಿಯವರೆಗೂ ತಲುಪಿತು. ಅಂದಿನಿಂದ ಮೂರು ಸಲ ಕೇಳದೆ ನಾನು ಯಾರನ್ನೂ ಬಿಟ್ಟವಳಲ್ಲ.

ಕಾನ್ವೆಂಟಿನಲ್ಲಿ ಕಲಿತದ್ದರಲ್ಲಿ ಮರೆಯದೆ ಉಳಿದದ್ದು ಒಂದು ಚಿತ್ರ ಮಾತ್ರ. ಐದನೇ ಕ್ಲಾಸಿನ ಸಿಸ್ಟರ್ ಒಮ್ಮೆ ಬೋರ್ಡಿನ ಮೇಲೆ ಹಳೆಯ ಕಾಲದ ವಿಮಾನ ಬರೆದಿದ್ದರು. ಅದಕ್ಕೆ ಒಂದರ ಮೇಲೊಂದು ಎರಡು ಜೊತೆ ರೆಕ್ಕೆ. ಯುದ್ಧಕ್ಕೆ ಹೋಗುವವರು ಮೊದಲು ಇಂಥದರಲ್ಲೇ ಹಾರಲು ಕಲಿಯುತ್ತಿದ್ದರಂತೆ. ಮೇಲೆ ಮುಚ್ಚಳವಿಲ್ಲ, ಪೈಲಟ್ಟಿನ ತಲೆ ಹೊರಗೆ ಕಾಣುತ್ತದೆ, ತಗ್ಗಾಗಿ ಹಾರುವಾಗ ಅವನು ನೆಲದ ಮೇಲಿದ್ದವರಿಗೆ ಕೈ ಬೀಸಬಹುದು. ಆ ಕೈ ಬೀಸುವ ಮಾತು ಮೂವತ್ತು ವರ್ಷ ನನ್ನ ತಲೆಯಲ್ಲಿ ಕೂತಿತ್ತು. ನಮ್ಮ ಗುಡ್ಡಗಳ ನಡುವಿನ ತುಂಡು ಆಕಾಶದಲ್ಲಿ ಹಾದುಹೋಗುವ ವಿಮಾನಗಳು ಯಾರಿಗೂ ಕೈ ಬೀಸುವುದಿಲ್ಲ. ಬಿಳಿ ಗೆರೆ ಎಳೆದು ಹೋಗಿಬಿಡುತ್ತವೆ.

ಹೀಗಿರುವಾಗ ಶಿವಮೊಗ್ಗದ ಕಡೆ ವಿಮಾನ ಪ್ರದರ್ಶನ ಇದೆಯೆಂದು ಇವರ ಫೋನಿಗೆ ಸುದ್ದಿ ಬಂತು. ಹಳೆಯ ಯುದ್ಧವಿಮಾನಗಳು, ಆಕಾಶದಲ್ಲಿ ಲಾಗ ಹಾಕುವ ಪುಟ್ಟ ವಿಮಾನಗಳು, ಮನೆಮಂದಿಯೆಲ್ಲ ಕೂತು ನೋಡಬಹುದು. ನನ್ನ ಎರಡು ಜೊತೆ ರೆಕ್ಕೆಯದೂ ಉಂಟು! “ಅದು ಒಂದೇ ಸಲ ಹಾರೋದಂತೆ. ವಯಸ್ಸಾಗಿದೆಯಂತೆ,” ಎಂದು ಇವರು ಓದಿ ಹೇಳಿದರು. “ವಯಸ್ಸಾದ್ದನ್ನ ಎಂತಕ್ಕೆ ಹಾರಿಸ್ತಾರೋ, ಪಾಪ,” ಎಂದರು ಅತ್ತೆ.

ಹೊರಡುವ ದಿನ ಬೆಳಿಗ್ಗೆ ಕಡುಬು ಬೇಯಿಸಿ, ಚಟ್ನಿ ಅರೆದು, ಮೊಸರನ್ನ ಕಲಸಿ ನಾಲ್ಕು ಡಬ್ಬಿ ಕಟ್ಟಿದೆ. “ಮಾರಾಯ್ತಿ, ನಾವು ಹೋಗ್ತಿರೋದು ವಿಮಾನ ನೋಡೋಕೆ, ಅದಕ್ಕೆ ಊಟ ಹಾಕೋಕಲ್ಲ,” ಎಂದು ಇವರು ಗೊಣಗಿದರೂ ಡಬ್ಬಿಗಳನ್ನು ಕಾರಿಗೆ ಇಟ್ಟವರು ಇವರೇ.

ಬಯಲಿನಲ್ಲಿ ಚಾಪೆ ಹಾಸಿ ಕೂತೆವು. ಒಂದು ಗುಡ್ಡವೂ ಅಡ್ಡವಿಲ್ಲದ ಅಷ್ಟು ಆಕಾಶ ಕಂಡು ನನಗೆ ಮೊದಲು ಭಯವೇ ಆಯಿತು. ಪುಟ್ಟ ಕೆಂಪು ವಿಮಾನವೊಂದು ನೆಟ್ಟಗೆ ಮೇಲೇರಿ, ಅಲ್ಲೇ ನಿಂತು, ಒಣಗಿದ ಎಲೆಯ ಹಾಗೆ ಸುತ್ತುತ್ತ ಕೆಳಗೆ ಬಂತು. “ಬಿತ್ತು, ಬಿತ್ತು! ಅವನ ತಾಯಿ ಎಲ್ಲಿದ್ದಾಳೋ!” ಎಂದು ಅತ್ತೆ ನನ್ನ ತೋಳು ಹಿಡಿದುಕೊಂಡರು. ಅದು ಮತ್ತೆ ಮೇಲಕ್ಕೆ ಎದ್ದಾಗ ಅವರಿಗೆ ಸಿಟ್ಟು ಬಂತು. “ಬೇಕಂತಲೇ ಮಾಡೋದಾ? ಇಂಥವನ್ನ ಹೆತ್ತೋಳಿಗೆ ಬಿ.ಪಿ. ಮಾತ್ರೆ ಎಷ್ಟಾದ್ರೂ ಸಾಲದು.”

ಹಳೆಯ ವಿಮಾನ ಹಾರುವವರೆಗೆ ಡಬ್ಬಿ ಬಿಚ್ಚಬಾರದೆಂದು ನಾನು ನಿರ್ಧಾರ ಮಾಡಿದ್ದೆ. ಆದರೆ ಗಾಳಿ ಜಾಸ್ತಿಯಿದೆ, ತಡವಾಗುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಅತ್ತೆಗೆ ಸಕ್ಕರೆ ಕಾಯಿಲೆ, ಹಸಿವು ತಡೆಯುವಂತಿಲ್ಲ. ಬಿಚ್ಚಿದೆ. ಎಲ್ಲರಿಗೂ ಬಡಿಸಿ ಮುಗಿಯಿತು ಎನ್ನುವಷ್ಟರಲ್ಲಿ ಅತ್ತೆ ಪಕ್ಕದ ಚಾಪೆಯ ಹೆಂಗಸನ್ನು ಯಾವ ಊರೆಂದು ಕೇಳಿಬಿಟ್ಟರು. ಕಮ್ಮರಡಿ! ನಮ್ಮ ತಾಲೂಕಿನವರು ಪಕ್ಕದಲ್ಲಿ ಕೂತಿರುವಾಗ ನಾವಷ್ಟೇ ತಿನ್ನುವುದುಂಟೇ? ಡಬ್ಬಿ ಹಿಡಿದು ಅವರ ಕಡೆ ತಿರುಗಿದೆ.

“ಒಂದು ಕಡುಬು ತಗೊಳ್ಳಿ.”

“ಬೇಡ ಬೇಡ, ಈಗಷ್ಟೇ ತಿಂಡಿ ಆಯ್ತು.”

ಹಿಂದಿನಿಂದ ಹಳೆಯ ಹಿಟ್ಟಿನ ಗಿರಣಿಯಂಥ ಸದ್ದು ಶುರುವಾಯಿತು. “ಅಮ್ಮಾ, ನಿನ್ನ ವಿಮಾನ!” ಎಂದು ಮಗಳು ಸಿರಿ ಕೂಗಿದಳು. “ಡಬ್ಬಿ ಇಡೆ, ಮೇಲೆ ನೋಡೆ!” ಎಂದು ಇವರು ಫೋನ್ ಎತ್ತಿದರು.

“ಒಂದೇ ನಿಮಿಷ ರೀ,” ಎಂದು ಇವರಿಗೆ ಹೇಳಿ ಮತ್ತೆ ಡಬ್ಬಿ ಚಾಚಿದೆ. “ಮನೇಲೇ ಮಾಡಿದ್ದು, ಒಂದಾದ್ರೂ ತಗೊಳ್ಳಿ.”

“ಅಯ್ಯೋ ಬೇಡ, ನಿಮಗೇ ಕಡಿಮೆಯಾಗ್ತದೆ.”

ಸದ್ದು ನೆತ್ತಿಯ ಮೇಲೆ ಬಂತು. ಚಾಪೆಯ ಮೇಲೆ ನೆರಳೊಂದು ಸರಿಯಿತು. ಆ ಪುಣ್ಯಾತ್ಗಿತ್ತಿ ಮೇಲೆ ನೋಡುತ್ತಲೇ ನನಗೆ ಉತ್ತರ ಕೊಡುತ್ತಿದ್ದರು. ನಾನು ಮಾತ್ರ ಅವರ ಕೈಯನ್ನೇ ನೋಡುತ್ತಿದ್ದೆ.

“ಬೇಡ ಅಂದ್ರೆ ನಂಗೆ ಬೇಜಾರಾಗ್ತದೆ, ನೋಡಿ.”

“ಬೇಡ ಅಂತಿದ್ದೆ... ಸರಿ, ಎರಡು ಹಾಕಿ.”

ಹಾಕಿ ತಲೆ ಎತ್ತಿದೆ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿಯಾಗಿತ್ತು. “ಎಂಥ ಚಂದ ಕೈ ಬೀಸಿದ ಅಲ್ವಾ?” ಎಂದರು ಕಮ್ಮರಡಿಯವರು, ಕಡುಬು ಮುರಿಯುತ್ತ. ನಾನು ಹೌದೆಂದೆ. ಚಟ್ನಿಯನ್ನೂ ಹಾಕಿದೆ.

ವಾಪಸು ಬರುವಾಗ ಕಾರಿನಲ್ಲಿ ಖಾಲಿ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ಕೂತೆ. “ಮುಂದಿನ ವರ್ಷ ಬಂದ್ರೆ ನೋಡೋಣ ಮಾರಾಯ್ತಿ,” ಎಂದು ಇವರು ಸಮಾಧಾನ ಹೇಳಿದರು. ಬಂದರೆ! ಅದಕ್ಕೂ ವಯಸ್ಸಾಗಿದೆ, ನನಗೇನೂ ಕಡಿಮೆಯಾಗುತ್ತಿಲ್ಲ. ಯಾರನ್ನಾದರೂ ಬೈಯೋಣವೆಂದರೆ ಬೈಯುವುದಕ್ಕೂ ಯಾರೂ ಇಲ್ಲ. ಎಲ್ಲರೂ ನೋಡು ನೋಡು ಎಂದವರೇ. ನಾನು ಆ ಪೈಲಟ್ಟನ್ನು ನೋಡದಿದ್ದರೂ ಅವನಂತೂ ನನ್ನನ್ನು ಖಂಡಿತ ನೋಡಿರಬೇಕು. ಅಷ್ಟು ಸಾವಿರ ಮುಖಗಳು ಮೇಲಕ್ಕೆ ತಿರುಗಿರುವಾಗ ಬರೀ ತುರುಬು ಕಂಡದ್ದು ನನ್ನೊಬ್ಬಳದೇ.

ಮನೆಗೆ ಬಂದ ಮೇಲೆ ಸಿರಿಗೆ ನನ್ನ ಮುಖ ನೋಡಿ ಕನಿಕರವಾಯಿತು. “ಅಪ್ಪ ವಿಡಿಯೋ ಮಾಡಿದ್ದಾರೆ, ಅದರಲ್ಲಾದ್ರೂ ನೋಡೆ,” ಎಂದು ಫೋನ್ ತಂದಳು. ಕನ್ನಡಕ ಒರೆಸಿಕೊಂಡು, ಅತ್ತೆಯ ಪಕ್ಕ ಗಟ್ಟಿಯಾಗಿ ಕೂತೆ. ಗಿರಣಿಯ ಸದ್ದು ಹತ್ತಿರವಾಯಿತು. ಮೇಲಿನ ಮೂಲೆಯಲ್ಲಿ ರೆಕ್ಕೆಯ ತುದಿ ಕಾಣಿಸಿತು. ಕೆಳಗಿನ ಮೂಲೆಯಲ್ಲಿ ಅತ್ತೆಯ ತಟ್ಟೆ ಕಾಣಿಸಿತು.

“ಅಯ್ಯೋ ಅತ್ತೆ, ನಿಮಗೆ ಚಟ್ನಿಯೇ ಹಾಕಿಲ್ವಲ್ಲ ನಾನು!” ಎಂದು ಅವರ ಕಡೆ ತಿರುಗಿದೆ.

ಮತ್ತೆ ಫೋನಿನತ್ತ ನೋಡುವಷ್ಟರಲ್ಲಿ ವಿಡಿಯೋ ಮುಗಿದಿತ್ತು.