ಹಿಂದಿನ ಕೋಣೆಯ ಎಮ್ಮೆಗಳು

ನನ್ನ ಸೋದರಮಾವನಿಗೆ ತನ್ನ ಹೆಂಡತಿ ಹುಟ್ಟಿದ ದಿನ ಗೊತ್ತಿಲ್ಲ. ಆದರೆ ಹನುಮಸಾಗರದ ಯಾವ ಎಮ್ಮೆ ಎಂದು ಈದಿತು ಎಂದು ಕೇಳಿ ನೋಡಿ, ಉಣ್ಣುವ ರೊಟ್ಟಿ ಬಿಟ್ಟು ಹೇಳುತ್ತಾನೆ!

"ನಾನೂ ಒಂದ್ ಎಮ್ಮಿ ಆಗಿದ್ರ ನೆನಪಿಡ್ತಿದ್ರಿ" ಎಂದು ಅತ್ತೆ ಹಂಗಿಸಿದರೆ ಮಾಮಾನ ಉತ್ತರ: "ಕಿವಿಗೆ ನಂಬರ್ ಬಿಲ್ಲೆ ಹಾಕಿಸ್ಕೊ, ಬರ್ಕೋತೀನಿ!"

ಮಾಮಾ ಕುಷ್ಟಗಿ ಕಡೆಯ ಒಂದು ಪಶು ಆಸ್ಪತ್ರೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಾನೆ. ಅಲ್ಲಿ ದನಗಳ ವಿವರ ತುಂಬುವ ಮೂವರಲ್ಲಿ ನಾನೂ ಒಬ್ಬಳು. ಮೊದಲು ಎಲ್ಲವೂ ಒಂದೇ ಡೇಟಾಬೇಸ್ ಫೈಲಿನಲ್ಲಿತ್ತು. ಮೂವರೂ ಅದನ್ನೇ ತೆರೆದು ಎಳೆದಾಡುತ್ತಿದ್ದೆವು. ಒಂದು ದಿನ ಫೈಲು ಕೆಟ್ಟು, ಆ ತಿಂಗಳು ಹುಟ್ಟಿದ ಕರುಗಳೆಲ್ಲ ಮಾಯ! ಮರುದಿನವೇ ಮಾಮಾ ಫೈಲನ್ನು ಎರಡು ಭಾಗ ಮಾಡಿದ. ವಿವರಗಳೆಲ್ಲ ಹಿಂದಿನ ಕೋಣೆಯ ಕಂಪ್ಯೂಟರಿಗೆ ಹೋದವು. ಅವನ್ನು ತುಂಬುವ ಫಾರಂಗಳ ಒಂದೊಂದು ಪ್ರತಿ ನಮ್ಮ ಮೂರು ಕಂಪ್ಯೂಟರಿಗೆ ಬಂತು.

"ನಿಮ್ಮವು ಫ್ರಂಟ್ ಎಂಡ್, ಒಳಗಿಂದು ಬ್ಯಾಕ್ ಎಂಡ್. ನಿಮ್ಮ ಫಾರಂ ಕೆಟ್ರ ಹೊಸಾದು ಕೊಡ್ತೀನಿ. ಅದು ಕೆಟ್ರ ನಾ ಎಮ್ಮಿ ಎಲ್ಲಿಂದ ತರ್ಲಿ?" ಎಂದ.

ಅಂದಿನಿಂದ ಆ ಕೋಣೆಯ ಕೀಲಿ ಮಾಮಾನ ಉಡದಾರಕ್ಕೆ! ಒಮ್ಮೆ ಮಾತ್ರ ಬಾಗಿಲು ತೆರೆದಿತ್ತು. ಡಾಕ್ಟರ್ ಸಾಹೇಬರು ಒಳಹೊಕ್ಕು, ಕಂಪ್ಯೂಟರಿನ ಪ್ಲಗ್ ಕಿತ್ತು ತಮ್ಮ ಮೊಬೈಲ್ ಚಾರ್ಜಿಗೆ ಹಾಕಿದರು. ನಮ್ಮ ಮೂವರ ಪರದೆಗಳೂ ಸ್ತಬ್ಧ.

ಮಾಮಾ ಓಡಿಬಂದು ಕೈಮುಗಿದ: "ಸಾಹೇಬ್ರ, ನಾ ಎಂದಾರ ನಿಮ್ಮ ಸೂಜಿ ಮುಟ್ಟೀನೇನ್ರಿ?"

ದಿನವೂ ಸಂಜೆ ಬ್ಯಾಕ್ ಎಂಡಿನ ಒಂದು ಪ್ರತಿ ಪೆನ್‌ಡ್ರೈವಿಗೆ, ಪೆನ್‌ಡ್ರೈವ್ ಮಾಮಾನ ಅಂಗಿಯ ಕಿಸೆಗೆ. ಒಮ್ಮೆ ಮರಳಿ ಎಂಬ ಊರಿನಲ್ಲಿ ನಮ್ಮ ಬಳಗದ ಮದುವೆ. ಮಾಮಾ ಅಕ್ಕಿಕಾಳನ್ನೂ ಅದೇ ಕಿಸೆಯಲ್ಲಿ ಹಾಕಿಕೊಂಡಿದ್ದ. ಗಟ್ಟಿಮೇಳ ಮೊಳಗಿತು, ಹಿಡಿ ತುಂಬ ತೆಗೆದು ಎಸೆದ. ಏನು ಹೋಯಿತು ಗೊತ್ತೇ? ತಾಲೂಕಿನ ದನಕರುಗಳೆಲ್ಲ ಮದುಮಗನ ಹಣೆಗೆ ಬಡಿದು ಕೆಳಗೆ ಬಿದ್ದವು! ಪೆನ್‌ಡ್ರೈವ್ ಹೆಕ್ಕಲು ಮಾಮಾ ಬಗ್ಗಿದ. ಮದುವೆಯ ಫೋಟೋದಲ್ಲಿ, ಮದುಮಕ್ಕಳಿಗಿಂತ ಮೂವತ್ತು ವರ್ಷ ಹಿರಿಯನಾದ ಮಾಮಾ ಅವರ ಕಾಲಿಗೆ ಬಿದ್ದು ಆಶೀರ್ವಾದ ಬೇಡುವಂತೆ ಕಾಣುತ್ತಾನೆ.

ಇಂಥವನನ್ನು ನೋಡಿ ನಗದೆ ಇರಲಾದೀತೇ? ನಾನೂ ನಗುತ್ತಿದ್ದೆ, ಹೋದ ಶ್ರಾವಣದವರೆಗೆ.

ಲಸಿಕೆಯ ದಿನ ಹತ್ತಿರ ಬಂದ ದನಗಳ ಮನೆಗಳಿಗೆ ಫೋನ್ ಮಾಡುವುದು ನನ್ನ ಕೆಲಸ. ಆ ಶ್ರಾವಣದಲ್ಲಿ ಒಂದು ದಿನ ಒಬ್ಬ ಮುದುಕಿ ನಡೆದುಕೊಂಡೇ ಆಸ್ಪತ್ರೆಗೆ ಬಂದಳು.

"ಇನ್ನ ಫೋನ್ ಮಾಡಬ್ಯಾಡವಾ. ನಮ್ಮ ಗೌರಿ ಸತ್ತು ತಿಂಗಳಾತು. ಹೆಸರು ತಗದ್ಬಿಡು."

ಹಿಂದಿನ ದಿನವಷ್ಟೇ ನಾನು ಆ ಮನೆಗೆ ಫೋನ್ ಮಾಡಿ, "ಗೌರೀನ ಕರ್ಕೊಂಡು ಬರ್ರಿ" ಎಂದಿದ್ದೆ! ಹೆಸರು ಅಳಿಸಲು ನನ್ನ ಫಾರಂನಲ್ಲಿ ದಾರಿಯಿರಲಿಲ್ಲ. ಮಾಮಾನನ್ನು ಕರೆದೆ. ಅವನು ಮುದುಕಿಗೆ ಕುರ್ಚಿ ಎಳೆದುಕೊಟ್ಟ, ಗೌರಿಯ ವಿವರ ತೆರೆದು ನಿಧಾನವಾಗಿ ಓದತೊಡಗಿದ.

"ಗೌರಿ. ಎಮ್ಮಿ. ಬಲಗೋಡು ಮುರದೈತಿ. ಹೊಸಬ್ರಿಗೆ ಹಾಲು ಕೊಡಂಗಿಲ್ಲ. ಐದು ಸೂಲು."

ಮುದುಕಿ ಮುಂದಕ್ಕೆ ಬಾಗಿದಳು. "ಮೂರನೇ ಸೂಲಿನ್ಯಾಗ ಕರು ಉಳೀಲಿಲ್ರಿ. ಎರಡು ದಿನ ಮೇವು ಮುಟ್ಟಿರಲಿಲ್ಲ ಆಕಿ. ಅದೂ ಬರ್ದೀರೇನು?"

"ಬರ್ದೀನ್ರಿ ಯವ್ವಾ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಂಗಾದ್ರ ತಗೀಬ್ಯಾಡ್ರಿ. ಇರ್ಲಿ ಆಕಿ."

ಮರುದಿನ ಬೆಳಗ್ಗೆ ನಮ್ಮ ಮೂವರ ಫಾರಂಗಳಲ್ಲೂ ಒಂದು ಹೊಸ ಚೌಕ ಬಂದಿತ್ತು: 'ಈ ಮನೆಗೆ ಫೋನ್ ಮಾಡಬಾರದು.' ನಾನು ಗೌರಿಯ ಪುಟ ತೆರೆದೆ. ಅಲ್ಲಿ ಮಾಮಾ ಆಗಲೇ ಟಿಕ್ ಹಾಕಿಟ್ಟಿದ್ದ.